ಸ್ವಲ್ಪ ಇರಿ, ಫೋನ್ ಇಡಬೇಡಿ!

ಮನೆಯ ಫೋನು, ಮೊಬೈಲು ನಮಗೆಲ್ಲ ಗೊತ್ತು. ಆದರೆ ಆಫೀಸಿನ ಫೋನಿನ ಸಂಸಾರವೇ ಬೇರೆ, ಸೋದರಿಯರೇ! ಹೊರಗಿನವರಿಗೆ ಒಂದೇ ನಂಬರು; ಒಳಗೆ ಮೇಜಿಗೊಂದು ಫೋನು. ಕಳೆದ ವರ್ಷ ನಮ್ಮ ಭಾವನವರ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಬಾಣಂತನಕ್ಕೆ ಹೋದಳು. "ಎರಡು ತಿಂಗಳು ನೀನೇ ಫೋನ್ ನೋಡ್ಕೋಮ್ಮಾ" ಎಂದರು ಭಾವ. ಎಸ್‌ಎಸ್‌ಎಲ್‌ಸಿ ಓದಿದ ನಾನು ಬೆಳಗಿನ ತಿಂಡಿ ಮುಗಿಸಿ, ಹೋಗಿ ಕೂತೆ.

ಮೊದಲ ದಿನವೇ ಎಡವಟ್ಟು! ವ್ಯಾಪಾರಿಯೊಬ್ಬರು ಭಾವನನ್ನು ಕೇಳಿದರು. ರಿಸೀವರ್ ಇಡುವ ಜಾಗದ ಗುಂಡಿಯನ್ನು ಒಮ್ಮೆ ತಟ್ಟಿ ಬಿಟ್ಟು, ಭಾವನ ಮೇಜಿನ ನಂಬರು ಒತ್ತಬೇಕಿತ್ತು. ನಾನು ಹೆದರಿ ಗುಂಡಿಯನ್ನು ಒತ್ತಿಯೇ ಹಿಡಿದೆ. ಲೈನ್ ಕಟ್ಟಾಯಿತು. ಹೆಚ್ಚು ಹೊತ್ತು ಒತ್ತಿದರೆ ಫೋನ್ ಇಟ್ಟರೆಂದೇ ಯಂತ್ರ ತಿಳಿಯುತ್ತದಂತೆ.

ನನ್ನ ಕೈ ತಣ್ಣಗಾಯಿತು. ವ್ಯಾಪಾರಿಗಾಗಿ ಅಲ್ಲ. 2009ರ ಮಳೆಗಾಲದಲ್ಲಿ ನಮ್ಮ ಅಪ್ಪ ದೂರದ ಊರಿನ ಆಸ್ಪತ್ರೆಯಲ್ಲಿದ್ದರು. ಆಪರೇಷನ್ನಿಗೆ ಮೊದಲು ನನ್ನ ಜೊತೆ ಮಾತಾಡಬೇಕು ಎಂದಿದ್ದರಂತೆ. ತಮ್ಮನ ಮೊಬೈಲ್ ಆಫ್ ಆಗಿತ್ತು. ಆಸ್ಪತ್ರೆಯ ನಂಬರಿಗೇ ಫೋನ್ ಮಾಡಿದೆ. "ವಾರ್ಡಿಗೆ ಕೊಡ್ತೀನಿ" ಎಂದಳು ಒಬ್ಬಳು. ಸಂಗೀತ ಬಂತು, ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಕಟ್. ಮೂರನೇ ಸಲ ವಾರ್ಡು ಸಿಕ್ಕಿತು; ಅಪ್ಪನನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದರು. ಆಮೇಲೆ ಅಪ್ಪನಿಗೆ ಮಾತೇ ಬರಲಿಲ್ಲ. ಐದನೇ ದಿನ ಹೋಗಿಬಿಟ್ಟರು.

ಮುಖ ನೋಡದ ಆ ಹುಡುಗಿಗೆ ಎಷ್ಟು ವರ್ಷ ಶಾಪ ಹಾಕಿದ್ದೇನೋ! ಬೇಕೆಂದೇ ಕಟ್ ಮಾಡಿದಳೆಂದು ನಂಬಿದ್ದೆ. ಅವಳೂ ನನ್ನ ಹಾಗೆ ಹೊಸಬಳಾಗಿದ್ದಿರಬಹುದು ಎಂದು ಗಿರಣಿಯ ಮೇಜಿನ ಮುಂದೆ ಕೂತಾಗಲೇ ಹೊಳೆದದ್ದು.

ಆ ರಾತ್ರಿ ಮಗಳು ಒಂದು ಕಥೆ ಹೇಳಿದಳು. ಅಮೆರಿಕದಲ್ಲಿ ಸ್ಟ್ರೌಜರ್ ಎಂಬ ಶವಸಂಸ್ಕಾರದ ಕಸುಬಿನವನಿದ್ದ. ಆಪರೇಟರಮ್ಮ ತನಗೆ ಬರುವ ಫೋನುಗಳನ್ನು ಬೇರೆಯವರಿಗೆ ಕೊಡುತ್ತಾಳೆಂದು ಅವನಿಗೆ ಸಿಟ್ಟಂತೆ. ಅದಕ್ಕೇ ಆಪರೇಟರೇ ಬೇಡದ ಯಂತ್ರ ಮಾಡಿ 1891ರಲ್ಲಿ ಪೇಟೆಂಟ್ ಪಡೆದನಂತೆ. ಸಿಟ್ಟು ಬಂದದ್ದು ನನಗೊಬ್ಬಳಿಗೇ ಅಲ್ಲ ಎಂದು ನಗು ಬಂತು.

ಮರುದಿನದಿಂದ ನಿಷ್ಠೆಯಿಂದ ಕಲಿತೆ. ಬೇರೆ ಮೇಜಿನ ಫೋನು ಬಡಿದುಕೊಳ್ಳುತ್ತಿದ್ದರೆ ಓಡಬೇಕಿಲ್ಲ. ಪಿಕಪ್ ನಂಬರು ಒತ್ತಿದರೆ ಕೂತಲ್ಲೇ ಮಾತಾಡಬಹುದು. ಊಟಕ್ಕೆ ಎದ್ದಾಗ ಫಾರ್ವರ್ಡ್ ಮಾಡಿದರೆ ನಮ್ಮ ಕರೆ ಪಕ್ಕದ ಮೇಜಿಗೆ ಹೋಗುತ್ತದೆ. ಬಂದ ಮೇಲೆ ತೆಗೆಯಲು ಮರೆಯಬಾರದು! ಕಾನ್ಫರೆನ್ಸಿನಲ್ಲಿ ಮೂವರು ಒಟ್ಟಿಗೆ ಮಾತಾಡಬಹುದು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಈ ನಂಬರುಗಳು ಬೇರೆ ಬೇರೆ. ಅದಕ್ಕೇ ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದೆ.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳ ದನಿ: "ಅಕ್ಕಾ, ನಮ್ಮಪ್ಪ ನಿಮ್ಮಲ್ಲಿ ಹಮಾಲಿ. ಮೊಬೈಲ್ ಎತ್ತುತ್ತಿಲ್ಲ. ನನ್ನನ್ನ ಹೆರಿಗೆ ಆಪರೇಷನ್ನಿಗೆ ಕರ್ಕೊಂಡು ಹೋಗ್ತಾರೆ, ಒಂದ್ ಮಾತಾಡ್ಬೇಕು..."

ಗುಂಡಿ ತಟ್ಟಿ ಗೋಡೌನಿಗೆ ರಿಂಗ್ ಕೊಟ್ಟೆ. ಯಾರೂ ಎತ್ತಲಿಲ್ಲ. ಹಾಗೇ ನನ್ನ ಫೋನ್ ಇಟ್ಟಿದ್ದರೆ ಕೆಲಸ ಮುಗಿದಂತೆಯೇ. ಅವಳು ಖಾಲಿ ಗೋಡೌನಿನ ರಿಂಗು ಕೇಳುತ್ತ ಕೂರಬೇಕಿತ್ತು. ಮತ್ತೆ ಗುಂಡಿ ತಟ್ಟಿ ಅವಳ ಬಳಿ ಬಂದು, "ಸ್ವಲ್ಪ ಇರು ತಾಯಿ, ಫೋನ್ ಇಡಬೇಡ. ನಾನೇ ಹೋಗಿ ಕರೀತೀನಿ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಓಡಿದೆ. ಅವನು ತೌಡಿನ ಧೂಳಿನ ಕೈಯಲ್ಲೇ ಬಂದು ಮಾತಾಡಿದ. ನಾನು ಹೊರಗೆ ಹೋಗಿ ನಿಂತೆ.

ನಿಮ್ಮಲ್ಲೂ ಯಾರಾದರೂ ಅಂಗಡಿಯಲ್ಲೋ, ಶಾಲೆಯ ಆಫೀಸಿನಲ್ಲೋ ಇಂಥ ಫೋನಿನ ಮುಂದೆ ಕೂರಬಹುದು. ಹೋಲ್ಡಿಗೆ ಹಾಕುವ ಮೊದಲು ಒಂದು ಮಾತು ಹೇಳಿ. ಆ ಕಡೆಯವರು ಎತ್ತಿದ ಮೇಲೆಯೇ ನೀವು ಇಡಿ. ಕಾಯುವವರ ಕಷ್ಟ ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಲ್ಲವೇ?