ರೆಕ್ಕೆ ಅಲುಗಿಸುವ ಮಾಮ

1948ರ ಜುಲೈ. ಬರ್ಲಿನ್ನಿನ ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ತಂತಿಬೇಲಿಯ ಹೊರಗೆ ಮಕ್ಕಳ ಗುಂಪಿನಲ್ಲಿ ನೀವೂ ನಿಂತಿದ್ದೀರಿ. ಹಿಂದೆ ಬಾಂಬು ಬಿದ್ದು ಅರ್ಧ ಕುಸಿದ ಮನೆಗಳು, ಗೋಡೆಯಿದೆ, ಸೂರಿಲ್ಲ. ಆ ಕಟ್ಟಡಗಳ ನೆತ್ತಿ ಸವರಿಕೊಂಡೇ ಬಂತೇನೋ ಎನ್ನುವಂತೆ ನಾಲ್ಕು ಎಂಜಿನ್ನಿನ ಸಿ-54 ವಿಮಾನ ಇಳಿಯುತ್ತದೆ. ಕಾಲಡಿಯ ನೆಲ ಅದುರುತ್ತದೆ. ಅದರ ಸದ್ದು ಅಡಗುವ ಮೊದಲೇ ಇನ್ನೊಂದು ಕಾಣಿಸಿಕೊಳ್ಳುತ್ತದೆ. ಜೂನ್ 24ರಿಂದ ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ಬರುವ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿಬಿಟ್ಟಿದೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿ ಎಲ್ಲವೂ ಈಗ ಆಕಾಶದಿಂದಲೇ ಇಳಿಯಬೇಕು.

ಬೇಲಿಯ ಒಳಬದಿಯಿಂದ ಒಬ್ಬ ಅಮೆರಿಕನ್ ಪೈಲಟ್ ನಡೆದು ಬರುತ್ತಾನೆ. ಕೈಯಲ್ಲಿ ಸಿನಿಮಾ ಕ್ಯಾಮೆರಾ. ಹೆಸರು ಗೇಲ್ ಹಾಲ್ವೊರ್ಸನ್, ವಯಸ್ಸು 27. ಬಿಡುವಿನ ಹೊತ್ತಿನಲ್ಲಿ ನಿದ್ದೆ ಬಿಟ್ಟು, ಗೆಳೆಯನ ವಿಮಾನ ಹತ್ತಿ ಊರು ನೋಡಲು ಬಂದವನು. ಮಕ್ಕಳು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳುತ್ತಾರೆ: ಒಂದು ವಿಮಾನದಲ್ಲಿ ಎಷ್ಟು ಹಿಟ್ಟು ತರುತ್ತೀರಿ? ಮೋಡ ಕವಿದರೂ ಬರುತ್ತೀರಾ? ಊಟ ಕಡಿಮೆಯಾದರೆ ತಡೆದುಕೊಳ್ಳುತ್ತೇವೆ, ಸ್ವಾತಂತ್ರ್ಯ ಹೋದರೆ ಮತ್ತೆ ಸಿಗಲಿಕ್ಕಿಲ್ಲ ಎಂಬ ಅರ್ಥದ ಮಾತನ್ನೂ ಆಡುತ್ತಾರೆ. ಮೂರು ವರ್ಷದ ಹಿಂದೆ ಇದೇ ಅಮೆರಿಕದ ವಿಮಾನಗಳ ಸದ್ದಿಗೆ ನೆಲಮಾಳಿಗೆಗೆ ಓಡಿದ್ದ ಮಕ್ಕಳು ಇವರು.

ಆತ ಹೊರಡಲು ತಿರುಗಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾನೆ. ಆತನನ್ನು ತಡೆದದ್ದು ಯಾರ ಕೂಗೂ ಅಲ್ಲ. ಬೇರೆ ದೇಶಗಳಲ್ಲಿ ಸಮವಸ್ತ್ರ ಕಂಡೊಡನೆ ಮಕ್ಕಳು ಮಿಠಾಯಿಗೆ ಮುತ್ತಿಕೊಳ್ಳುತ್ತಿದ್ದುದು ಆತನಿಗೆ ಗೊತ್ತು. ಇಲ್ಲಿ ಒಂದು ಗಂಟೆ ಮಾತಾಡಿದರೂ ಒಂದು ಮಗುವೂ ಕೈ ಚಾಚಿಲ್ಲ. ಜೇಬಿನಲ್ಲಿದ್ದದ್ದು ಎರಡೇ ಪಟ್ಟಿ ಚ್ಯೂಯಿಂಗ್ ಗಮ್. ಬೇಲಿಯಾಚೆ ಮೂವತ್ತರಷ್ಟು ಮಕ್ಕಳು. ಅದನ್ನು ಮುರಿದು ನಾಲ್ಕು ತುಂಡು ಮಾಡಿ ತಂತಿಗಳ ನಡುವೆ ಕೊಡುತ್ತಾನೆ. ಜಗಳ ಆಗುತ್ತದೆಂದು ನೀವು ಕಾಯುತ್ತೀರಿ. ಆಗುವುದಿಲ್ಲ. ಸಿಗದ ಮಕ್ಕಳು ಗಮ್ ಸುತ್ತಿದ ಕಾಗದವನ್ನು ಕೇಳುತ್ತಾರೆ. ಅದನ್ನು ಎಳೆಎಳೆಯಾಗಿ ಹರಿದು ಹಂಚಿಕೊಂಡು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ.

ಇದನ್ನು ನೋಡಿ ನಿಂತಲ್ಲೇ ಮಾತು ಕೊಡುತ್ತಾನೆ: ನಾಳೆ ಬರುವಾಗ ವಿಮಾನದಿಂದ ನಿಮಗೆಲ್ಲ ಚಾಕೊಲೇಟ್ ಹಾಕುತ್ತೇನೆ, ಹಂಚಿಕೊಂಡು ತಿನ್ನಬೇಕು. ಇಷ್ಟೊಂದು ವಿಮಾನಗಳಲ್ಲಿ ನಿಮ್ಮದು ಯಾವುದೆಂದು ಹೇಗೆ ತಿಳಿಯುವುದು? ರೆಕ್ಕೆ ಅಲುಗಿಸುತ್ತೇನೆ, ಅದೇ ಗುರುತು.

ಆ ಗುರುತು ಮನೆಯದು. ಯೂಟಾ ರಾಜ್ಯದ ಗಾರ್ಲೆಂಡಿನಲ್ಲಿ ಸಕ್ಕರೆ ಬೀಟ್ ಬೆಳೆಯುವ ಸಣ್ಣ ರೈತನ ಮಗ ಈತ. ಕಳೆ ಕೀಳುತ್ತ ತಲೆ ಎತ್ತಿ ವಿಮಾನ ನೋಡಿದ ಹುಡುಗ 1941ರಲ್ಲಿ ಪೈಲಟ್ ಲೈಸೆನ್ಸ್ ಪಡೆದ. ಮೊದಲು ಹೊಲದ ಮೇಲೆ ಹಾರಿ ಅಪ್ಪ ಅಮ್ಮನಿಗೆ ರೆಕ್ಕೆ ಅಲುಗಿಸಿ ತೋರಿಸಿದ್ದ. ಹೆತ್ತವರಿಗೆ ತೋರಿಸಿದ್ದನ್ನೇ ಶತ್ರುದೇಶವಾಗಿದ್ದ ಊರಿನ ಮಕ್ಕಳಿಗೂ ಕೊಟ್ಟದ್ದು ನನ್ನ ಮಟ್ಟಿಗೆ ಚಾಕೊಲೇಟಿಗಿಂತ ದೊಡ್ಡದು. ಯುದ್ಧದಲ್ಲಿ ಆತ ಗೆಳೆಯರನ್ನು ಕಳೆದುಕೊಂಡಿದ್ದ. ಜರ್ಮನ್ನರ ಬಗ್ಗೆ ಮನಸ್ಸು ತಿಳಿಯಾಗಿರಲಿಲ್ಲ.

ಈಗ ಬೇಲಿ ಬಿಟ್ಟು ವಿಮಾನದೊಳಕ್ಕೆ ಬನ್ನಿ. ಮರುದಿನ, ಫ್ರಾಂಕ್‌ಫರ್ಟ್ ಬಳಿಯ ರೈನ್-ಮೈನ್‌ನಿಂದ ಹಾರಿದ್ದೇವೆ. ಹಿಂದೆ ಒಂಬತ್ತು ಟನ್ನಿನಷ್ಟು ಸರಕು. ಪೈಲಟ್, ಸಹ ಪೈಲಟ್, ಎಂಜಿನಿಯರ್ ಮೂವರೂ ತಮ್ಮ ಪಾಲಿನ ಚಾಕೊಲೇಟ್, ಗಮ್ ಒಟ್ಟುಗೂಡಿಸಿದ್ದಾರೆ. ಗಂಟು ಭಾರವಾಯಿತು, ಹಾಗೇ ಎಸೆದರೆ ಯಾರದಾದರೂ ತಲೆಗೆ ಬಡಿದೀತು. ಅದಕ್ಕೇ ಮೂರು ಕರವಸ್ತ್ರಗಳ ಮೂಲೆಗೆ ದಾರ ಕಟ್ಟಿ ಪ್ಯಾರಾಚೂಟ್ ಮಾಡಿದ್ದಾರೆ. ಮೇಲಿನವರ ಅನುಮತಿ? ಕೇಳಿಲ್ಲ. ಕೆಳಗೆ ಮಕ್ಕಳು ಚುಕ್ಕೆಗಳಂತೆ ಕಂಡೊಡನೆ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ, ನಿಮ್ಮ ಹೊಟ್ಟೆಯೂ ವಾಲುತ್ತದೆ. ಪೈಲಟ್ ಸೀಟಿನ ಹಿಂದಿನ ಕೊಳವೆಯಿಂದ ಗಂಟುಗಳು ಜಾರುತ್ತವೆ. ಎಲ್ಲಿ ಬಿದ್ದವೋ ತಿಳಿಯದು. ಸರಕು ಇಳಿಸಿ ವಾಪಸು ಹೊರಟಾಗ ಬೇಲಿಯಲ್ಲಿ ಮೂರು ಕರವಸ್ತ್ರಗಳು ಬೀಸಾಡುತ್ತಿವೆ, ಅವುಗಳ ಕೆಳಗೆ ಮೆಲ್ಲುವ ಬಾಯಿಗಳು.

ಮುಂದೆ ಗುಟ್ಟು ರಟ್ಟಾಯಿತು. ಒಬ್ಬ ಪತ್ರಕರ್ತನ ತಲೆಯ ಹತ್ತಿರವೇ ಚಾಕೊಲೇಟ್ ಬಿದ್ದು ಸುದ್ದಿಯಾಯಿತು, ಕರ್ನಲ್ ಕರೆದು ಗದರಿದರು. ಆದರೆ ಈ ವಿಮಾನ ಸಾಗಣೆಯ, ಅಂದರೆ ಏರ್‌ಲಿಫ್ಟಿನ, ಹೊಣೆ ಹೊತ್ತಿದ್ದ ಜನರಲ್ ವಿಲಿಯಂ ಟನರ್, ಮುಂದುವರಿಸಿ ಎಂದರು. ಬೇರೆ ಪೈಲಟ್‌ಗಳೂ ಕೈಜೋಡಿಸಿದರು. ಅಮೆರಿಕದ ಮಕ್ಕಳು ಕರವಸ್ತ್ರ ಕಳಿಸಿದರು. ಏರ್‌ಲಿಫ್ಟ್ ಮುಗಿಯುವಷ್ಟರಲ್ಲಿ 20 ಟನ್ನಿಗೂ ಹೆಚ್ಚು ಮಿಠಾಯಿ ಬರ್ಲಿನ್ನಿನ ಮೇಲೆ ಇಳಿದಿತ್ತು. ‘ರೆಕ್ಕೆ ಅಲುಗಿಸುವ ಮಾಮನಿಗೆ, ಟೆಂಪಲ್‌ಹಾಫ್’ ಎಂದಷ್ಟೇ ವಿಳಾಸ ಬರೆದ ಕಾಗದಗಳು ರಾಶಿ ಬಿದ್ದವು.

ಒಂದು ಕಾಗದ ಮರ್ಸಿಡಿಸ್ ಎಂಬ ಏಳು ವರ್ಷದ ಹುಡುಗಿಯದು. ನಿಮ್ಮ ವಿಮಾನದ ಸದ್ದಿಗೆ ನಮ್ಮ ಕೋಳಿಗಳು ಗಿಡುಗ ಬಂತೆಂದು ಹೆದರುತ್ತವೆ, ಆದರೂ ಬಿಳಿ ಕೋಳಿ ಕಂಡಲ್ಲಿ ಹಾಕಿ, ಪರವಾಗಿಲ್ಲ ಎಂದು ಬರೆದಿದ್ದಳು. ಹಾಲ್ವೊರ್ಸನ್ ಹುಡುಕಿದರೂ ಕೋಳಿಗಳು ಕಾಣಲಿಲ್ಲ. ಹಾಗೆಂದು ಸುಮ್ಮನಾಗಲಿಲ್ಲ, ಅಂಚೆಯಲ್ಲೇ ಮಿಠಾಯಿಯ ಪೊಟ್ಟಣ ಕಳಿಸಿ, ನಿನ್ನ ಕೋಳಿಗಳು ಸಿಗಲಿಲ್ಲವೆಂದು ಬರೆದರು.

1949ರಲ್ಲಿ ಆಲ್ಟಾ ಜಾಲಿಯೊಂದಿಗೆ ಮದುವೆ, ಐವರು ಮಕ್ಕಳು, ವಾಯುಪಡೆಯಲ್ಲಿ ಬಡ್ತಿ. 1974ರಲ್ಲಿ ಕರ್ನಲ್ ಆಗಿ ನಿವೃತ್ತಿ, ಆಮೇಲೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ನಡುವೆ ಕೆಲಸ. 1990ರ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಚರ್ಚಿನ ಸೇವೆಗಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು, ಬರ್ಲಿನ್ನಿನ ದಾರಿ ಮುಚ್ಚಿದ್ದವರ ನಾಡಿಗೇ. 1999ರಲ್ಲಿ ಆಲ್ಟಾ ತೀರಿಕೊಂಡರು. 2022ರ ಫೆಬ್ರವರಿ 16ರಂದು, 101ನೇ ವಯಸ್ಸಿನಲ್ಲಿ, ಹಾಲ್ವೊರ್ಸನ್ ಯೂಟಾದಲ್ಲಿ ಕೊನೆಯುಸಿರೆಳೆದರು. ಅವರನ್ನು ನೆನೆದವರೆಲ್ಲ ಆ ಕರವಸ್ತ್ರಗಳನ್ನೇ ನೆನೆದರು. ನಾನು ನಿಮ್ಮನ್ನು ಇನ್ನೊಂದು ಕಡೆ ಕರೆದೊಯ್ಯಬೇಕು, ಒಂದು ಊಟದ ಮೇಜಿಗೆ.

1972, ಬರ್ಲಿನ್. ನಿವೃತ್ತಿಗೆ ಇನ್ನೆರಡು ವರ್ಷ. ಹಾಲ್ವೊರ್ಸನ್ ಈಗ ಅದೇ ಟೆಂಪಲ್‌ಹಾಫಿನ ಕಮಾಂಡರ್, ಸಂಸಾರವೂ ಜೊತೆಗಿದೆ. ಊರಿನ ಒಂದು ಕುಟುಂಬ ಊಟಕ್ಕೆ ಬನ್ನಿ ಎಂದು ಬಿಡದೆ ಕರೆಯುತ್ತಿದೆ. ಕಮಾಂಡರಿಗೆ ಬರುವ ಆಹ್ವಾನಗಳಿಗೆ ಲೆಕ್ಕವಿಲ್ಲ, ಆದರೂ ಈ ದಿನ ಗಂಡ ಹೆಂಡತಿ ಹೋಗಿದ್ದಾರೆ. ಮನೆಯೊಡತಿ ಕಪಾಟಿನಿಂದ ಹಳೆಯ ಕಾಗದವೊಂದನ್ನು ತಂದು, ಓದಿ ಎನ್ನುತ್ತಾಳೆ. ತಾರೀಖು 1948ರ ನವೆಂಬರ್. ಕಾಗದ ಅವರದೇ. ಎದುರು ನಿಂತಿರುವವಳು ಮರ್ಸಿಡಿಸ್. ಕಾಗದವನ್ನು ಮಡಿಕೆ ಹರಿಯದಂತೆ ಕಾಪಾಡಿಟ್ಟವಳು. ಇಲ್ಲಿ ಬನ್ನಿ, ಕೋಳಿಗಳು ಎಲ್ಲಿದ್ದವೆಂದು ತೋರಿಸುತ್ತೇನೆ ಎಂದು ಕರೆಯುತ್ತಾಳೆ, ಅವರು ಎದ್ದು ಹೋಗುತ್ತಾರೆ. ಅಂದಿನಿಂದ ಎರಡು ಮನೆಗಳೂ ಒಂದಕ್ಕೊಂದು ನೆಂಟರ ಮನೆಯಾದವು; ಬರ್ಲಿನ್ನಿಗೆ ಬಂದಾಗಲೆಲ್ಲ ಅವರು ಮರ್ಸಿಡಿಸಳನ್ನು ನೋಡದೆ ಹೋಗುತ್ತಿರಲಿಲ್ಲ.