ಹಿತ್ತಲಿನ ಬಿದಿರು ದಬ್ಬೆಗಳು

ಆಗಮನ ಕಾಲದ ಮೊದಲ ಭಾನುವಾರ ಬಲಿಪೂಜೆ ಮುಗಿಸಿ ಬಂದ ಕೂಡಲೇ ಅಪ್ಪ ಹಿತ್ತಲಿಗೆ ಹೋಗಿ ಮಚ್ಚು ಮಸೆಯುತ್ತಿದ್ದರು. ನಮ್ಮ ಮನೆಯಲ್ಲಿ ಕ್ರಿಸ್ತಜಯಂತಿಯ ಮೊದಲ ಸದ್ದು ಅದು. ಬಿದಿರನ್ನು ಸೀಳಿ ಎರಡು ಮೊಳದ ಹತ್ತು ದಬ್ಬೆಗಳನ್ನೂ ಗೇಣುದ್ದದ ಐದು ಕಡ್ಡಿಗಳನ್ನೂ ಸಿದ್ಧಪಡಿಸುವರು. ಐದೈದು ದಬ್ಬೆಗಳಿಂದ ಎರಡು ನಕ್ಷತ್ರ. ಎರಡರ ತುದಿಗಳನ್ನು ಸೇರಿಸಿ ಕಟ್ಟಿ, ಒಳಮೂಲೆಗಳಲ್ಲಿ ಗಿಡ್ಡ ಕಡ್ಡಿಗಳನ್ನು ಸಿಕ್ಕಿಸಿದರೆ ಚಪ್ಪಟೆಯಾದ ನಕ್ಷತ್ರಕ್ಕೆ ಹೊಟ್ಟೆ ಬರುತ್ತಿತ್ತು. "ಒಂದು ದಬ್ಬೆ ಬೆರಳಗಲ ಗಿಡ್ಡವಾದರೂ ನಕ್ಷತ್ರ ಕುಂಟುತ್ತದೆ ಕಣಮ್ಮ" ಎನ್ನುತ್ತಿದ್ದರು. ಅಮ್ಮ ಮೈದಾ ಅಂಟು ಕಾಯಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುವರು. ಆ ಪಾತ್ರೆಯ ಬಳಿ ಮಕ್ಕಳು ಸುಳಿಯುವಂತಿರಲಿಲ್ಲ. ಹಬ್ಬಕ್ಕೆ ಹತ್ತು ಹನ್ನೆರಡು ದಿನವಿರುವಾಗ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಬಿತ್ತುವ ಕೆಲಸ ನನ್ನದು. ಗೋದಲಿಯ ಸುತ್ತಲಿನ ಹಸಿರು ಹೊಲ ಅದೇ. ದಿನಕ್ಕೆ ಹತ್ತು ಸಲ ಹೋಗಿ ಮೊಳಕೆ ನೋಡುತ್ತಿದ್ದೆ.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಇದೆಲ್ಲ ನನ್ನ ಕೈತಪ್ಪಿತು. ಕೈತಪ್ಪಿತು ಎನ್ನುವುದಕ್ಕಿಂತ ನಾನೇ ಬಿಟ್ಟೆ ಎನ್ನುವುದು ಸತ್ಯ.

2016ರ ಡಿಸೆಂಬರಿನಲ್ಲಿ ಅಪ್ಪ ಊರಿನಿಂದ ಬಂದರು. ಹೆಗಲ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಕಟ್ಟು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಕ್ಷತ್ರ ಕಟ್ಟಬೇಕೆಂದು, ಹದವಾಗಿ ಹೆರೆದ ದಬ್ಬೆಗಳನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಬಾಗಿಲಲ್ಲಾಗಲೇ ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಮಿನುಗುತ್ತಿತ್ತು. ಒಳಗೆ ಸಿದ್ಧ ಗೋದಲಿ, ಬಣ್ಣದ ಕಾಗದದ ಹುಲ್ಲು. "ಇದನ್ನೆಲ್ಲ ಯಾಕಪ್ಪ ಹೊತ್ತು ತಂದಿರಿ? ಇಲ್ಲಿ ಯಾರಿಗೆ ಪುರುಸೊತ್ತಿದೆ?" ಎಂದುಬಿಟ್ಟೆ. ಅವರು ನಕ್ಷತ್ರವನ್ನು ದಿಟ್ಟಿಸಿ, "ಚೆನ್ನಾಗಿದೆ ಕಣಮ್ಮ, ಮಳೆಗೂ ಹಾಳಾಗದು" ಎಂದರು. ಕಟ್ಟನ್ನು ಹಿತ್ತಲ ಗೋಡೆಗೆ ಒರಗಿಸಿ ಬಂದು ಕಾಫಿ ಕುಡಿದರು. ಮತ್ತೆ ಆ ಮಾತೆತ್ತಲಿಲ್ಲ. 2018ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅಮ್ಮ ನಮ್ಮ ಮನೆಗೆ ಬಂದರು.

ಧರ್ಮಕೇಂದ್ರದ ಧರ್ಮೋಪದೇಶ ತರಗತಿಯಲ್ಲಿ ನಾನು ಮಕ್ಕಳಿಗೆ ಗೋದಲಿಯ ಕಥೆ ಹೇಳುತ್ತೇನೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಬೆತ್ಲೆಹೇಮಿನ ಇರುಳನ್ನು ಜನರ ಕಣ್ಣೆದುರು ತಂದರು. (ಸಂತ ಲೂಕರ ಶುಭಸಂದೇಶದಲ್ಲಿ ಎತ್ತೂ ಕತ್ತೆಯೂ ಇಲ್ಲವೆಂದರೆ ಮಕ್ಕಳು ನಂಬುವುದೇ ಇಲ್ಲ!) ವಿಶ್ವಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಸಹಿ ಮಾಡಿದ ಪ್ರೇಷಿತ ಪತ್ರದಲ್ಲಿ, ಮನೆಮಂದಿಯೆಲ್ಲ ಸೇರಿ ಗೋದಲಿ ಅಣಿಮಾಡುವ ಪದ್ಧತಿಯನ್ನು ಉಳಿಸಿಕೊಳ್ಳುವಂತೆ ಕೇಳಿಕೊಂಡಿದ್ದರು. 2023ರಲ್ಲಿ ಗ್ರೆಚ್ಚೊದ ಆ ಇರುಳಿಗೆ 800 ವರ್ಷ ತುಂಬಿದಾಗ ಈ ಪತ್ರದ ವಿಷಯವನ್ನು ತರಗತಿಯಲ್ಲಿ ವಿವರಿಸುತ್ತಿದ್ದೆ. ನನ್ನ ಮಗ ಹಿಂದಿನ ಬೆಂಚಿನಲ್ಲಿದ್ದ. ಮನೆಗೆ ಬರುವ ದಾರಿಯಲ್ಲಿ, "ತಾತ ತಂದಿದ್ದ ಬಿದಿರು ಇನ್ನೂ ಇದೆಯಾ ಅಮ್ಮ?" ಎಂದು ಕೇಳಿದ. ನನಗೆ ಉತ್ತರ ಹೊರಡಲಿಲ್ಲ.

ಇತ್ತು. ಹಳೆಯ ಬಕೆಟ್ಟುಗಳ ಹಿಂದೆ, ಅದೇ ಗೋಣಿಚೀಲದಲ್ಲಿ. ಬಿಚ್ಚಿದಾಗ ಹಳದಿ ಹುಡಿ ಸುರಿಯಿತು. ಗಿಡ್ಡ ಕಡ್ಡಿಗಳನ್ನು ಹುಳ ಪೂರಾ ತಿಂದಿತ್ತು; ಹತ್ತು ದಬ್ಬೆಗಳಲ್ಲಿ ಗಟ್ಟಿಯಾಗಿ ಉಳಿದಿದ್ದವು ಏಳೇ. ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಿದೆ. ಏಳೂ ಒಂದೇ ಅಳತೆ. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತೆ.

ಹೊಟ್ಟೆ ಬರುವ ನಕ್ಷತ್ರಕ್ಕೆ ದಬ್ಬೆ ಸಾಲದು. ಐದರಲ್ಲಿ ಚಪ್ಪಟೆಯದನ್ನೇ ಕಟ್ಟಿದೆವು. ಗಂಟು ಹಾಕಲು ನನಗೂ ಮರೆತುಹೋಗಿತ್ತು. ಅಮ್ಮ ಕುರ್ಚಿಯಲ್ಲಿ ಕುಳಿತೇ, "ಅಡ್ಡಕ್ಕೆ ಸುತ್ತು, ಆಮೇಲೆ ಉದ್ದಕ್ಕೆ" ಎಂದು ಹೇಳಿಕೊಟ್ಟರು. ಅಂಟಿಗೆ ಮೈಲುತುತ್ತ ಹಾಕಲಿಲ್ಲ. ಮಗ ಕೆಂಪು ಕಾಗದ ಅಂಟಿಸುವಾಗ ಎರಡು ಕಡೆ ಹರಿದ, ಅದಕ್ಕೆ ತೇಪೆ ಹಾಕಿದ. ಹಿಂದೆ ಬಲ್ಬು ಕಟ್ಟಿ ಕಿಟಕಿಗೆ ತೂಗುಹಾಕಿದೆವು. ತೇಪೆಗಳ ಜಾಗದಲ್ಲಿ ಬೆಳಕು ಸ್ವಲ್ಪ ಮಂಕು.

ಉಳಿದ ಎರಡು ದಬ್ಬೆಗಳನ್ನು ಅಮ್ಮ ಎಸೆಯಗೊಡಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ, ಮಹಡಿಯ ಕುಂಡದಲ್ಲಿದ್ದ ಚಪ್ಪರದವರೆಯ ಬಳ್ಳಿಗೆ ಅವನ್ನು ಆಸರೆಯಾಗಿ ನೆಟ್ಟು, ದಾರದಿಂದ ಕಟ್ಟುತ್ತಿದ್ದರು.