ಪೊಟರೆ ಮರದ ಬೆಲೆ

ದಾಂಡೇಲಿ ಸೀಮೆಯಲ್ಲಿ ಪೊಟರೆ ಬಿದ್ದ ಮರಕ್ಕೆ ಒಂದು ಕಾಲದಲ್ಲಿ ಬೆಲೆಯೇ ಇರಲಿಲ್ಲ. ನಾಟಾ ಡಿಪೋದವರಿಗೆ ಬೇಕಾದದ್ದು ತೇಗದ, ಮತ್ತಿಯ ನೇರ ದಿಮ್ಮಿ. ಒಳಗೆ ಟೊಳ್ಳಾದದ್ದು ಬರೀ ಸೌದೆ. ಈಗ ಅಂಥ ಮರಕ್ಕೇ ನಂಬರು, ಜಿಪಿಎಸ್ ಗುರುತು, ವಾಚರನ ಕಾವಲು. ಅಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಗೂಡು ಮಾಡುತ್ತದೆ ಎಂಬುದೇ ಕಾರಣ. ಗೂಡು ಹುಡುಕುವ ತಂಡಗಳ ಜೊತೆ ಹಲವು ಬೇಸಿಗೆ ಕಾಳಿ ನದಿಯ ದಂಡೆ ಸುತ್ತಿದ ನಾನು ಈ ಬದಲಾವಣೆಯನ್ನು ಹತ್ತಿರದಿಂದ ಕಂಡಿದ್ದೇನೆ.

ಮಂಗಟ್ಟೆಗೆ ಮರಕುಟಿಗನ ಹಾಗೆ ಪೊಟರೆ ಕೊರೆಯಲು ಬಾರದು. ಕೊಂಬೆ ಮುರಿದು, ಕೊಳೆತು ತಾನಾಗಿ ಆದದ್ದನ್ನೇ ಹುಡುಕಿಕೊಳ್ಳಬೇಕು. ಸರಿಹೊಂದಿದರೆ ವರ್ಷ ವರ್ಷವೂ ಅಲ್ಲಿಗೇ ಬರುತ್ತದೆ. ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಯಿ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದರ ಹೊಟ್ಟೆಯ ಹೊಣೆ ಗಂಡಿನದು.

ಮೊದಮೊದಲು ಗೂಡಿನ ಸರ್ವೆ ಎಂದರೆ ಮರ ಹತ್ತುವುದೇ. ಹೆಜ್ಜೇನು ಇಳಿಸುವವರು ಕಾಂಡಕ್ಕೆ ಬಿದಿರ ಗೂಟ ಬಡಿಯುತ್ತ ಏರಿಬಿಡುತ್ತಿದ್ದರು. ಆಮೇಲೆ ಕ್ಯಾಟರ್‌ಬಿಲ್ಲಿನಿಂದ ತೆಳು ದಾರವನ್ನು ಕೊಂಬೆಯ ಮೇಲೆ ಹಾಯಿಸಿ, ಅದಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದು, ಸೊಂಟಪಟ್ಟಿ ಬಿಗಿದು ಹತ್ತುವ ರೀತಿ ಬಂತು. ಗೂಟದ ಗಾಯ ತಪ್ಪಿತು. ಆದರೂ ಟೊಳ್ಳು ಮರದ ಕೊಂಬೆಯನ್ನು ನಂಬುವಂತಿಲ್ಲ. ಒಳಗೆ ಹಕ್ಕಿ ಕೂತಿರುವಾಗ ಹತ್ತಿರ ಹೋಗುವುದೂ ತರವಲ್ಲ.

ಮರ ಹತ್ತುವ ಬದಲು ನೆಲ ಓದುವುದನ್ನು ನಮಗೆ ಕಲಿಸಿದವರು ಅಲ್ಲಿನ ಕುಣಬಿ ಸಮುದಾಯದ ಹಿರಿಯರೊಬ್ಬರು. "ಮ್ಯಾಲೆ ಏನ್ ನೋಡ್ತೀರಿ ಸಾಹೇಬ್ರ, ಬುಡಕ್ಕ ನೋಡ್ರಿ" ಎಂದು ಕೋಲಿನಿಂದ ತರಗೆಲೆ ಸರಿಸಿದರು. ಕಾಸರಕದ ಬಿಲ್ಲೆಯಂಥ ಬೀಜಗಳು, ಗೋಳಿಹಣ್ಣಿನ ಸಿಪ್ಪೆ, ಒಂದೆರಡು ಉದುರಿದ ಗರಿ, ಹಳೆಯ ಬೀಜಗಳಿಂದ ಎದ್ದ ಗೇಣುದ್ದದ ಸಸಿಗಳು. ಕಾಂಡದ ಮೇಲೆ ಹಿಕ್ಕೆಯ ಬಿಳಿ ಗೆರೆ. ದೂರ ಸರಿದು ಮರೆಯಲ್ಲಿ ಕೂತೆವು. ಬುಸ್ ಬುಸ್ ಎಂದು ರೆಕ್ಕೆ ಬಡಿಯುತ್ತ ಗಂಡು ಬಂತು. ಗಂಟಲಿನಿಂದ ಒಂದೊಂದೇ ಹಣ್ಣು ಕಕ್ಕಿ ಸೀಳಿನೊಳಗೆ ದಾಟಿಸಿತು. ಯಾರೂ ಮರ ಮುಟ್ಟದೆ ಗೂಡು ದಾಖಲಾಯಿತು.

ಈಗಲೂ ಸರ್ವೆಯ ತಿರುಳು ಇದೇ. ಮುಕ್ಕಾಲಿಯ ಮೇಲಿನ ದೂರದರ್ಶಕ, ಕ್ಯಾಮೆರಾ ಬಂದಿವೆ. ಹಗ್ಗ ಏರುವುದಿದ್ದರೆ ಮರಿ ಹಾರಿಹೋದ ಮೇಲೆ, ಪೊಟರೆಯ ಅಳತೆ ತೆಗೆಯಲು. ಡ್ರೋನ್ ಹಾರಿಸಿದರೆ ಕೆಲಸ ಹಗುರವಾದೀತು ಎನ್ನುವವರಿದ್ದಾರೆ. ಅದರ ಗುಂಯ್‌ಗುಟ್ಟುವಿಕೆಗೆ ಬೆದರಿ ಗಂಡು ಹಿಂದಿರುಗಿದರೆ ಉಪವಾಸ ಬೀಳುವುದು ಒಳಗಿನ ತಾಯಿ, ಮರಿ.

ಕಾನೂನೂ ಜೊತೆಗೆ ನಿಂತಿತು. ದಾಂಡೇಲಿ 1956ರಲ್ಲೇ ಅಭಯಾರಣ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಬ್ಬಕ್ಕಿ ದಾಸ ಮಂಗಟ್ಟೆ (ಗ್ರೇಟ್ ಹಾರ್ನ್‌ಬಿಲ್) ಇದೆ. 2011ರಲ್ಲಿ ಕಾಳಿ ದಂಡೆಯ ಕಾಡು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಟೊಳ್ಳು ಮರ ಎಂದರೆ ಕಡಿಯಬೇಕಾದ ಮರ ಎಂಬ ಎಣಿಕೆ ಅಳಿಯಲು ಇವೆಲ್ಲ ನೆರವಾದವು. ಆದರೆ ಹೊಸ ಕಾಟವೊಂದು ಹುಟ್ಟಿಕೊಂಡಿದೆ. ಗೂಡಿನ ಜಾಗ ಬಾಯಿಂದ ಬಾಯಿಗೆ ಹರಡಿ, ಫೋಟೊಕ್ಕಾಗಿ ಮರದ ಬುಡದಲ್ಲೇ ಜಾತ್ರೆ ನೆರೆಯುತ್ತದೆ. ಕೊಡಲಿಗೆ ತಪ್ಪಿಸಿಕೊಂಡ ಗೂಡು ಕ್ಯಾಮೆರಾಗಳ ಮುಂದೆ ಸೋಲಬಾರದು.

ಮೀಸಲು ಪ್ರದೇಶದ ಆಚೆಯೂ ಗೂಡುಗಳಿವೆ: ಬೆಟ್ಟದಲ್ಲಿ, ಮಾಲ್ಕಿ ಜಮೀನಿನಲ್ಲಿ, ರಸ್ತೆಯ ಅಂಚಿನಲ್ಲಿ. ನಿಮ್ಮ ಜಾಗದ ಹಳೆಯ ಮರ ಉರುಳಿಸುವ ಮುನ್ನ ಬುಡದ ತರಗೆಲೆ ಒಮ್ಮೆ ಸರಿಸಿ ನೋಡಿ. ಬೀಜದ ರಾಶಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಫೇಸ್‌ಬುಕ್ಕಿಗೆ ಬೇಡ.